ಮಗಳಿಗೆ ಮಾಳಿಗೆ ಮೇಲೆ ಕೈತೋಟ ಮಾಡಿಕೊಡಲೋ, ಟ್ಯೂಷನ್‌ಗೆ ಕಳಿಸಲೋ?

ವಿಜಯಪುರದ ಅಮ್ಮ:
ಮಗಳು ನಾಲ್ಕನೇ ಕ್ಲಾಸು. ಮಾಳಿಗೆ ಮೇಲೆ ಕುಂಡ ಇಟ್ಟು ಏನಾದರೂ ಬೆಳೆಸೋಣ ಅಂತ ದಿನಾ ಹಟ. ಮಾವನವರು "ಮಣ್ಣಾಗ ಕೈ ಹಾಕಿದ್ರ ಮಾರ್ಕ್ಸ್ ಬರ್ತಾವೇನು?" ಅಂತಾರೆ. ಹೋದ ಏಪ್ರಿಲ್‌ನಲ್ಲಿ ಹಾಕಿದ ಮೆಂತ್ಯ ಒಂದೇ ವಾರದಲ್ಲಿ ಒಣಗಿಹೋಯಿತು. ಎರಡು ದಿನ ಅತ್ತಳು. ಮತ್ತೆ ಹಾಗಾದರೆ ಅಂತ ನನಗೇ ಭಯ. ನಿಜವಾಗಿ ಮಕ್ಕಳಿಗೆ ಇದರಿಂದ ಉಪಯೋಗ ಇದೆಯಾ? ಮಾಡಿ ನೋಡಿದವರು ಹೇಳಿ.

ಮುಧೋಳ ಕಡೆಯ ಮಾಸ್ತರ:
ಅಕ್ಕಾ, ನಮ್ಮ ಶಾಲೆಯದೇ ಹೇಳುತ್ತೇನೆ. ಕಾಂಪೌಂಡ್ ಮೇಲೆ ಹೀರೇಬಳ್ಳಿ ಹಬ್ಬಿಸಿದ್ದೆವು. ಆರನೇ ಕ್ಲಾಸಿನಲ್ಲಿ ಒಬ್ಬ ಹುಡುಗ, ಪಾಠ ಓದು ಅಂದರೆ ತಲೆ ತಗ್ಗಿಸಿ ನಿಲ್ಲುವವನು. ಒಂದಿನ ಬಂದು "ಸರ್, ಹೀರೇ ಹೂವು ಹಗಲೆಲ್ಲಾ ಮುಚ್ಚಿರ್ತಾವ, ಹೊತ್ತು ಮುಳುಗೋವಾಗ ಅರಳ್ತಾವ" ಅಂದ. ವರ್ಷಾ ವರ್ಷಾ ಪರಾಗಸ್ಪರ್ಶದ ಪಾಠ ಮಾಡಿದ ನಾನೇ ಅದನ್ನು ನೋಡಿರಲಿಲ್ಲ. ಆ ಹೊತ್ತಿಗೆ ಶಾಲೆ ಬಿಟ್ಟಿರುತ್ತದೆ ಅಲ್ವಾ!

ಅವತ್ತು ಸಂಜೆ ಮಕ್ಕಳ ಜೊತೆ ಕಾದು ಕೂತೆ. ಹಳದಿ ಹೂವು ಒಂದೊಂದಾಗಿ ಬಿಚ್ಚಿಕೊಂಡವು. ಬೂದು ಬಣ್ಣದ ಪತಂಗಗಳು ಬಂದವು. ಕೆಲವು ಹೂವಿನ ಬುಡದಲ್ಲಿ ಪುಟ್ಟ ಹೀರೇಕಾಯಿ ಆಗಲೇ ಇತ್ತು, ಉಳಿದವಕ್ಕೆ ಬರೀ ತೊಟ್ಟು. ಹೆಣ್ಣು ಯಾವುದು, ಗಂಡು ಯಾವುದು ಅಂತ ಅವನೇ ಎಲ್ಲರಿಗೂ ತೋರಿಸಿದ. ಮರುದಿನ ಅದನ್ನೇ ಬೋರ್ಡ್ ಮೇಲೆ ನಾಲ್ಕು ಸಾಲು ಬರೆದ. ಕಾಗುಣಿತ ತಪ್ಪಿತ್ತು, ಇರಲಿ. ಯಾರೂ ಹೇಳದೆ ಅವನು ಬರೆದದ್ದು ಅದೇ ಮೊದಲು.

ಮಾವನವರಿಗೆ ಇದನ್ನೂ ಹೇಳಿ: ಕಿಂಡರ್‌ಗಾರ್ಟನ್ ಅನ್ನೋ ಜರ್ಮನ್ ಪದದ ಅರ್ಥವೇ ಮಕ್ಕಳ ತೋಟ. 1840ರಲ್ಲಿ ಆ ಹೆಸರು ಕೊಟ್ಟ ಫ್ರೋಬೆಲ್ ಮಕ್ಕಳಿಗೆ ಒಂದೊಂದು ಪಾತಿ ಬಿಟ್ಟುಕೊಟ್ಟಿದ್ದ. ಫಿನ್ಲೆಂಡಿನಲ್ಲಿ ಶಿಶುವಿಹಾರದ ಅಂಗಳಕ್ಕೆ ಕಾಡಿನ ಮಣ್ಣು, ಹುಲ್ಲು ಹಾಸಿ ಮಕ್ಕಳನ್ನು ಆಡಲು ಬಿಟ್ಟರು. 28 ದಿನದಲ್ಲೇ ಅವರ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ಬಗೆ ಜಾಸ್ತಿಯಾಯಿತು, ರಕ್ತದಲ್ಲೂ ರೋಗ ತಡೆಯುವ ಶಕ್ತಿಗೆ ಒಳ್ಳೆಯದಾಗುವ ಗುರುತು ಕಂಡಿತು. 2020ರಲ್ಲಿ ಪ್ರಕಟವಾದ ಅಧ್ಯಯನ ಅದು.

ಒಂದೇ ಬೇಡಿಕೆ. ಆ ಕುಂಡ ಅವಳದೇ ಆಗಿರಲಿ. ನೀರು ಮರೆತಳು ಅಂತ ನೀವು ಹೋಗಿ ಹಾಕಬೇಡಿ.

ಬೈಲಹೊಂಗಲದ ರೈತ:
ಮಾಸ್ತರ ಹೇಳಿದ್ದು ಖರೆ. ತಂಗಿ, ಬರೀ ಎರೆ ಮಣ್ಣು ತುಂಬಿದ್ದಿರೇನು? ಕುಂಡದಲ್ಲಿ ಅದು ಒಣಗಿ ಕಲ್ಲಾಗುತ್ತದೆ, ಬಿರಿಯುತ್ತದೆ. ಮರಳು, ಹಳೇ ತಿಪ್ಪೆಗೊಬ್ಬರ ಕಲಸಿ. ನಿಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಮಾಳಿಗೆ ಮೇಲೆ ಎಳೇ ಸಸಿ ತಡೆಯೋದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡ್ತಾಳಲ್ಲ, ಉಳಿದ ಮಣ್ಣನ್ನು ಅವಳ ಕೈಯಿಂದಲೇ ಕುಂಡಕ್ಕೆ ಹಾಕಿಸಿ. ಮೊದಲು ಮೆಂತ್ಯವೇ ಇರಲಿ. ಮೂರ್ನಾಲ್ಕು ದಿನಕ್ಕೆ ಮೊಳಕೆ, ತಿಂಗಳಿಗೆ ಪಲ್ಯ.

ವಿಜಯಪುರದ ಅಮ್ಮ:
ಹೌದು ಅಣ್ಣಾ, ಬರೀ ಎರೆ ಮಣ್ಣೇ ತುಂಬಿದ್ದೆ. ಹೀರೇ ಹೂವಿನ ಮಾತು ಮಾವನವರಿಗೆ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡರು. ಮಗಳಿಗಂತೂ ಈಗ ಹೀರೇಬಳ್ಳಿಯೇ ಬೇಕಂತೆ. ಅದಕ್ಕೆ ಎಷ್ಟು ದೊಡ್ಡ ಕುಂಡ ಬೇಕು, ಸರ್?