ಕ್ರಿಯಾಪದ ಬರುವವರೆಗೆ

ಪುಟ್ಟರಾಜು ಆ ಶನಿವಾರ ನೆಲದ ಮೇಲೆ ಕೂರಲು ಒಪ್ಪದಿದ್ದಾಗಲೇ ರಾಯರಿಗೆ ಅನುಮಾನ ಹುಟ್ಟಿತು. ಓಹಾಯೋದ ಕೊಲಂಬಸ್ಸಿನಲ್ಲಿರುವ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಎಲ್ಲರೂ ಜಮಖಾನದ ಮೇಲೆ ಕುಳಿತು ಬಿಸಿಬೇಳೆಬಾತಿಗೆ ಕಾಯುತ್ತಿದ್ದರೆ, ಈ ಮನುಷ್ಯ ಜುಬ್ಬದ ಬಲಮಗ್ಗುಲನ್ನು ಅಂಗೈಯಿಂದ ಒತ್ತಿಕೊಂಡು ಕುರ್ಚಿಯ ಅಂಚಿನಲ್ಲಿ ಅರೆಬರೆಯಾಗಿ ಕುಳಿತಿದ್ದ.

"ಏನಪ್ಪಾ, ಕುರುವೇ?" ಎಂದು ರಾಯರು ಕನಿಕರದಿಂದ ಕೇಳಿದರು.

"ಅಲ್ಲ ರಾಯರೇ, ಪಿಸ್ತೂಲು."

ಬೇಟೆಯ ಲೈಸೆನ್ಸಿನಂಥ ವಿನಾಯಿತಿಗಳನ್ನು ಬಿಟ್ಟರೆ ಎಚ್-1ಬಿ ವೀಸಾದವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಅಮೆರಿಕದ ಕೇಂದ್ರ ಕಾನೂನು ಒಪ್ಪುವುದಿಲ್ಲ. ಆದ್ದರಿಂದ ಪುಟ್ಟರಾಜು ಹನ್ನೊಂದು ವರ್ಷ ಆಸೆಯನ್ನು ಅದುಮಿಟ್ಟುಕೊಂಡಿದ್ದು, ಗ್ರೀನ್ ಕಾರ್ಡ್ ಬಂದ ತಿಂಗಳೇ ಅದನ್ನು ಕೊಂಡು, ಮರುತಿಂಗಳಿನಿಂದ ತರಕಾರಿ ಅಂಗಡಿಗೂ ಸೊಂಟಕ್ಕೆ ಕಟ್ಟಿಕೊಂಡೇ ಹೋಗತೊಡಗಿದ್ದ. ಕೊತ್ತಂಬರಿ ಸೊಪ್ಪಿನ ಕಟ್ಟು ಆರಿಸುವುದಕ್ಕೆ ಶಸ್ತ್ರ ಏಕೆ ಬೇಕೆಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

"ಬಾಗಿಲಲ್ಲೇ ಹೇಳಬಾರದಿತ್ತೇ?" ಎಂದು ಸುಮತಿ ಸೌಟು ಹಿಡಿದುಕೊಂಡೇ ಕೇಳಿದಳು.

"ಪೊಲೀಸರಿಗೇ ಹೇಳಬೇಕಾಗಿಲ್ಲ ಅತ್ತಿಗೆ! 2022ರ ಜೂನ್ 13ಕ್ಕೆ ಮೊದಲು, ಅವರು ಕಾರು ನಿಲ್ಲಿಸಿದರೆ ತಡಮಾಡದೆ ನಾವೇ ಬಾಯಿಬಿಡಬೇಕಾಗಿತ್ತು. ಇಲ್ಲದಿದ್ದರೆ ಆರು ತಿಂಗಳವರೆಗೆ ಸೆರೆ, ಸಾವಿರ ಡಾಲರಿನವರೆಗೆ ದಂಡ. ಈಗ ಕೇಳಿದರೆ ನಿಜ ಹೇಳಿದರಾಯಿತು. ಪಕ್ಕದ ಮಿಷಿಗನ್ನಿನಲ್ಲಿ ಇನ್ನೂ ಕೂಡಲೇ ಹೇಳಬೇಕೆಂಬ ನಿಯಮವಿದೆ."

"ಅಂದರೆ ಗಡಿಯ ಟೊಲೆಡೊ ದಾಟುವವರೆಗೆ ಮೌನವ್ರತ, ದಾಟಿದ ಮೇಲೆ ಉಪನ್ಯಾಸ," ಎಂದರು ರಾಯರು.

ಬೋಪಣ್ಣ ನಕ್ಕ. "ನಮ್ಮ ಕೊಡಗಿನಲ್ಲಿ ಈ ತಾಪತ್ರಯವೇ ಇಲ್ಲ ರಾಯರೇ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. 2029ರವರೆಗೆ ಅದನ್ನು ಮುಂದುವರಿಸಿದ್ದಾರೆ. ಮನೆಯಲ್ಲಿ ಕೋವಿ ಇಲ್ಲವೆಂದರೆ ಮಾತ್ರ ನಾಲ್ಕು ಜನ ಕಾರಣ ಕೇಳುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು."

"ಅಲ್ಲಿ ಸುದ್ದಿಯನ್ನು ಕೋವಿಯೇ ಹೇಳುತ್ತದೆ. ಇಲ್ಲಿ ಕೋವಿಯ ಸುದ್ದಿಯನ್ನು ಮನುಷ್ಯ ಹೇಳಬೇಕು, ಅಷ್ಟೇ ವ್ಯತ್ಯಾಸ," ಎಂದ ರಾಯರು, ತೀರ್ಥಹಳ್ಳಿಯ ತಮ್ಮ ತೋಟಕ್ಕೆ ಹೊರಳಿದರು. "ನನ್ನ ಒಂಟಿ ನಳಿಗೆಯ ಕೋವಿ ಇರುವುದು ಪೈರಿನ ರಕ್ಷಣೆಗೆ. ಚುನಾವಣೆ ಘೋಷಣೆಯಾದ ಕೂಡಲೇ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ನೀತಿಸಂಹಿತೆ ನನಗೆ ಅನ್ವಯಿಸುತ್ತದೆ, ಹಂದಿಗೆ ಅನ್ವಯಿಸುವುದಿಲ್ಲ. ಫಲಿತಾಂಶ ಬರುವ ಹೊತ್ತಿಗೆ ತೋಟದಲ್ಲಿ ಅವು ಪೂರ್ಣ ಬಹುಮತ ಪಡೆದಿರುತ್ತವೆ."

ಪುಟ್ಟರಾಜುವಿಗೆ ಹಂದಿಗಳಲ್ಲಿ ಆಸಕ್ತಿ ಇರಲಿಲ್ಲ. ಕಾನೂನು ಬದಲಾದದ್ದು ನ್ಯಾಯವೇ ಎಂದು ಆತ ಪಟ್ಟು ಹಿಡಿದ. 2011ರಲ್ಲಿ ಇದೇ ರಾಜ್ಯದ ಕ್ಯಾಂಟನ್ ಊರಿನಲ್ಲಿ ಒಬ್ಬ ಚಾಲಕ ವಿಷಯ ತಿಳಿಸಲು ಬಾಯಿ ತೆರೆದಾಗಲೆಲ್ಲ ಪೊಲೀಸನು ಸುಮ್ಮನಿರಿಸಿದನಂತೆ. ಕಡೆಗೆ ಬಂದೂಕಿನ ಸುದ್ದಿ ಹೊರಬಿದ್ದಾಗ, ಕೊಂದೇಬಿಡಬೇಕಾಗಿತ್ತು ಎಂಬರ್ಥದಲ್ಲಿ ಗದರಿದ್ದು ಪೊಲೀಸ್ ಕಾರಿನ ಕ್ಯಾಮರಾದಲ್ಲೇ ದಾಖಲಾಯಿತಂತೆ. ತಿಳಿಸಲಿಲ್ಲವೆಂಬ ಮೊಕದ್ದಮೆ ಬಿದ್ದದ್ದು ಮಾತ್ರ ಚಾಲಕನ ಮೇಲೆ. ಮುಂದೆ ಅದು ವಜಾ ಆಯಿತು.

"ದೋಷ ಕಾನೂನಿನದಲ್ಲ, ಇಂಗ್ಲಿಷಿನದು," ಎಂದು ರಾಯರು ತೀರ್ಪು ಕೊಟ್ಟರು. "'ಐ ಹ್ಯಾವ್ ಎ ಗನ್' ಎಂದರೆ 'ಹ್ಯಾವ್' ಮೊದಲೇ ಬಂದುಹೋಗಿರುತ್ತದೆ. 'ಗನ್' ಎಂದು ಕಿವಿಗೆ ಬಿದ್ದ ಮೇಲೆ ಕೇಳಿದವನು ಇನ್ನು ಏತಕ್ಕೆ ಕಾಯಬೇಕು? ಕನ್ನಡದಲ್ಲಿ 'ಸ್ವಾಮಿ, ನನ್ನ ಸೊಂಟದಲ್ಲಿ ಒಂದು ಪಿಸ್ತೂಲು' ಎಂದ ಮೇಲೂ ಅದು ಇದೆಯೋ, ಇತ್ತೋ, ಇಲ್ಲವೋ, ಇದ್ದಿದ್ದರೆ ಚೆನ್ನಾಗಿತ್ತೋ ಎಂಬುದು ತಿಳಿಯಬೇಕಾದರೆ ಕ್ರಿಯಾಪದ ಬರುವವರೆಗೆ ಕಾಯಲೇಬೇಕು. ನಮ್ಮ ಪೊಲೀಸರಿಗೆ ತಾಳ್ಮೆ ಬಂದದ್ದು ವ್ಯಾಕರಣದಿಂದ."

"ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದವನ ಯಾವ ವಾಕ್ಯವನ್ನು ಅವರು ಪೂರ್ತಿ ಕೇಳಿದ್ದಾರೆ?" ಎಂದ ಬೋಪಣ್ಣ.

ರಾಯರು ಅದನ್ನು ಕಿವಿಗೆ ಹಾಕಿಕೊಳ್ಳದೆ, ಮೊಬೈಲಿನ ಟಾರ್ಚ್ ಬೆಳಗಿಸಿ ಪುಟ್ಟರಾಜುವಿನ ಮುಖಕ್ಕೆ ಹಿಡಿದು ತಾಲೀಮು ಆರಂಭಿಸಿದರು. ತರಬೇತಿಯಲ್ಲಿ ಹೇಳಿಕೊಟ್ಟಿದ್ದಂತೆ ಪುಟ್ಟರಾಜು ಊಟದ ತಟ್ಟೆಯನ್ನು ಸ್ಟಿಯರಿಂಗಿನ ಹಾಗೆ ಎರಡೂ ಕೈಗಳಿಂದ ಹಿಡಿದ. ಬಂದೂಕು ಎಂಬ ಪದದಿಂದ ಎಂದಿಗೂ ಆರಂಭಿಸಬಾರದಂತೆ. ಮೊದಲು ಪರವಾನಗಿಯ ಮಾತು, ಆಮೇಲೆ "ನಾನು ಏನು ಮಾಡಬೇಕೆಂದು ಅಪ್ಪಣೆಯಾಗಲಿ" ಎಂಬ ವಿನಯ.

"ಸಾವಿನ ಸುದ್ದಿ ಮುಟ್ಟಿಸಲು ಹೋದವರು ಮೊದಲು ಮಳೆ ಬೆಳೆ ವಿಚಾರಿಸುವ ಹಾಗೆ," ಎಂದು ರಾಯರು ಮೆಚ್ಚಿಕೊಂಡರು. "ವಾಕ್ಯ ಸಾವಧಾನವಾಗಿ, ಮರ್ಯಾದೆಯಿಂದ ಪೂರ್ತಿಯಾದರೆ ಯಾವ ಪೊಲೀಸನೂ ಏನೂ ಮಾಡುವುದಿಲ್ಲ."

ಇಲ್ಲಿನ ಶಾಲೆಯೊಂದರಲ್ಲಿ ಪಾಠ ಹೇಳುವ ಸುಮತಿ ಅಷ್ಟು ಹೊತ್ತು ಸುಮ್ಮನೆ ಬಡಿಸುತ್ತಿದ್ದಳು. "ಫಿಲಾಂಡೊ ಕ್ಯಾಸ್ಟೀಲ್ ಪೂರ್ತಿ ವಾಕ್ಯವನ್ನೇ ಹೇಳಿದ್ದರು," ಎಂದಳು. ಮಿನೆಸೋಟದ ಸೇಂಟ್ ಪಾಲ್ ಊರಿನ ಶಾಲೆಯೊಂದರ ಊಟದ ಮನೆಯನ್ನು ನೋಡಿಕೊಳ್ಳುತ್ತಿದ್ದ ಆತನಿಗೆ ಮಕ್ಕಳ ಹೆಸರಿನ ಜೊತೆಗೆ ಯಾರಿಗೆ ಯಾವ ಆಹಾರ ಆಗುವುದಿಲ್ಲ ಎಂಬುದೂ ನೆನಪಿರುತ್ತಿತ್ತಂತೆ. 2016ರ ಜುಲೈ 6ರಂದು ಬ್ರೇಕ್ ಲೈಟ್ ಉರಿಯುತ್ತಿಲ್ಲವೆಂದು ಪೊಲೀಸ್ ಅಧಿಕಾರಿ ಕಾರು ನಿಲ್ಲಿಸಿ ಲೈಸೆನ್ಸ್ ಕೇಳಿದ. ಕೇಳದ ಹೊರತು ಬಂದೂಕಿನ ವಿಷಯ ತಿಳಿಸಬೇಕೆಂಬ ಕಾನೂನು ಅಲ್ಲಿಲ್ಲ. ಪರವಾನಗಿ ಪಡೆದಿದ್ದ ಕ್ಯಾಸ್ಟೀಲ್ ತಾವಾಗಿಯೇ 'ಸರ್' ಎಂದು ಆರಂಭಿಸಿ, ನನ್ನ ಬಳಿ ಬಂದೂಕು ಇದೆಯೆಂದು ನಿಮಗೆ ತಿಳಿಸಬೇಕಾಗಿದೆ ಎಂದರು. ಕೆಲವೇ ಕ್ಷಣಗಳಲ್ಲಿ ಅಧಿಕಾರಿಯ ಪಿಸ್ತೂಲಿನಿಂದ ಏಳು ಗುಂಡುಗಳು ಹಾರಿದವು. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗುವಿತ್ತು. ಮರುವರ್ಷ ಜ್ಯೂರಿ ಆ ಅಧಿಕಾರಿಯನ್ನು ನಿರ್ದೋಷಿ ಎಂದಿತು.

ರಾಯರು ಟಾರ್ಚ್ ಆರಿಸಿದರು. "ವಾಕ್ಯ ಪೂರ್ತಿಯಾಗಿತ್ತೇ?"

"ಆಗಿತ್ತು."

ಆಮೇಲೆ ಮೊಸರನ್ನದವರೆಗೂ ಯಾರೂ ಬಂದೂಕಿನ ಮಾತೆತ್ತಲಿಲ್ಲ. ಹೊರಡುವ ಹೊತ್ತಿಗೆ ಪುಟ್ಟರಾಜು ಕಾರು ಹತ್ತಿದಾಗ ರಾಯರು ಶಾಲು ಹೊದ್ದು, ಹವಾಯಿ ಚಪ್ಪಲಿಯಲ್ಲೇ ಚಳಿಗೆ ಇಳಿದು ಹೋಗಿ ಕಾರಿನ ಹಿಂದೆ ನಿಂತರು.

"ಬ್ರೇಕ್ ಒತ್ತು," ಎಂದು ಕೂಗಿದರು. ಬಲಗಡೆಯದು ಉರಿಯಿತು. ರಾಯರು ಬಗ್ಗಿ, ಶಾಲಿನ ತುದಿಯಿಂದ ಎಡಗಡೆಯ ಗಾಜಿನ ಮೇಲಿನ ಹಿಮವನ್ನು ಒರೆಸಿ, "ಇನ್ನೊಮ್ಮೆ ಒತ್ತು ಮಾರಾಯ," ಎಂದರು.