ಮಾಸ್ತರರ ಮೊಬೈಲೂ ತೊಗರಿ ಬೇಳೆಯೂ

ಮೇ ತಿಂಗಳ ಸಂಜೆ ಏಳು ಗಂಟೆಗೆ ಕಲಬುರಗಿಯಲ್ಲಿ ಸೂರ್ಯ ಮುಳುಗಿರುತ್ತಾನೆಯೇ ಹೊರತು ಅವನ ಕಾವು ಮುಳುಗಿರುವುದಿಲ್ಲ. ಅಪ್ಪನ ಕೆರೆಯ ಹತ್ತಿರದ ಚಹಾದಂಗಡಿಯ ಮುಂದೆ ಹಾಸಿರುವ ಶಹಾಬಾದಿ ಫರ್ಸಿಯು ಹಗಲೆಲ್ಲ ಕುಡಿದ ಬಿಸಿಲನ್ನು ತನ್ನ ಮೇಲೆ ಕೂತವರಿಗೆ ಬಡ್ಡಿ ಸಮೇತ ಮರಳಿಸುತ್ತಿರುತ್ತದೆ. ಆದರೂ ನಾವು ಅಲ್ಲಿಯೇ ಕೂಡುತ್ತೇವೆ, ಏಕೆಂದರೆ ಮನೆಯಲ್ಲಿ ಕೂತರೆ ಯಾರಾದರೂ ಏನಾದರೊಂದು ಕೆಲಸ ಹೇಳುತ್ತಾರೆ. ಅಂದು ನಾವಾಡಿದ್ದು ಅಪ್ಪಟ ಕಲಬುರಗಿಯ ಮಾತು. ಇಲ್ಲಿ ಅದಕ್ಕೆ ಶಾಲು ಹೊದಿಸಿ ಗ್ರಂಥಸ್ಥ ಮಾಡಿದ್ದೇನೆ. ಕಾರಣವಿಷ್ಟೇ, ಇದನ್ನು ಮಾಸ್ತರರು ಓದುತ್ತಾರೆ ಮತ್ತು ಓದುವಾಗ ಅವರ ಕೈಯಲ್ಲಿ ಕೆಂಪು ಪೆನ್ನು ಇರುತ್ತದೆ.

ಸಮಸ್ಯೆಯೂ ಮಾಸ್ತರರದೇ ಆಗಿತ್ತು. ಮೂವತ್ತೆಂಟು ವರ್ಷ ಗಣಿತ ಕಲಿಸಿ ನಿವೃತ್ತರಾದ ಅವರ ಮೊಬೈಲು, ಹಿಂದಿನ ದಿನ ಬೆಳಗ್ಗೆ ಅವರು ನಳದ ಮುಂದೆ ಬಗ್ಗಿದಾಗ ಅಂಗಿಯ ಜೇಬಿನಿಂದ ಜಾರಿ ನೀರಿನ ಬಕೀಟಿನಲ್ಲಿ ಪ್ರಾಣ ಬಿಟ್ಟಿತ್ತು. ಹೈದರಾಬಾದಿನಲ್ಲಿರುವ ಮಗ ಐಫೋನನ್ನೇ ಕೊಳ್ಳಬೇಕೆಂದು ಅಪ್ಪಣೆ ಮಾಡಿದ್ದನು; ಬೀದರಿನಲ್ಲಿರುವ ಅಳಿಯನು ಆ ದುಡ್ಡಿನಲ್ಲಿ ನಾಲ್ಕು ಆಂಡ್ರಾಯ್ಡ್ ಬರುತ್ತವೆ ಎಂದು ತಗಾದೆ ತೆಗೆದಿದ್ದನು. ಮಗನ ಮಾತು ಕೇಳಿದರೆ ಅಳಿಯನಿಗೆ ಸಿಟ್ಟು, ಅಳಿಯನ ಮಾತು ಕೇಳಿದರೆ ಮಗನಿಗೆ ಸಿಟ್ಟು. ಆದ್ದರಿಂದ ಮಾಸ್ತರರು ನೋಟುಪುಸ್ತಕವೊಂದರಲ್ಲಿ ಅಡ್ಡಪಟ್ಟಿ ಹಿಡಿದು ಗೆರೆ ಎಳೆದು, ಎರಡು ಅಂಕಣ ಮಾಡಿ, ಒಂದಕ್ಕೆ ‘ಐಫೋನ್’ ಎಂದೂ ಇನ್ನೊಂದಕ್ಕೆ ‘ಆಂಡ್ರಾಯ್ಡ್’ ಎಂದೂ ತಲೆಬರಹ ಕೊಟ್ಟು, ನಮ್ಮ ಮುಂದೆ ತೆರೆದಿಟ್ಟರು.

ಮೊದಲು ಬಾಯಿ ತೆರೆದವರು ವಕೀಲರು. ಈ ವಿಷಯದಲ್ಲಿ ಅವರ ಅನುಭವವನ್ನು ಅಲ್ಲಗಳೆಯುವಂತಿಲ್ಲ, ಏಕೆಂದರೆ ಅವರು ಯಾವ ಹಡಗು ಹತ್ತಿದರೂ ಅದು ಮುಳುಗಿದೆ. ಊರಿನವರೆಲ್ಲ ನೋಕಿಯಾ 1100ರ ಬ್ಯಾಟರಿ ಬೆಳಕಿನಲ್ಲಿ ಚಪ್ಪಲಿ ಹುಡುಕುತ್ತಿದ್ದ ಕಾಲದಿಂದ ಮೇಲೇರಿ ಅವರು ಬ್ಲ್ಯಾಕ್‌ಬೆರಿ ಕೊಂಡರು. ಸಾಕ್ಷಿಯನ್ನು ಪಾಟೀಸವಾಲು ಮಾಡುವಾಗಲೂ ಅದರ ಗುಂಡಿಗಳ ಮೇಲೆ ಅವರ ಹೆಬ್ಬೆರಳು ಓಡಾಡುತ್ತಿತ್ತಂತೆ. ಅದು ಮಂಕಾಗುತ್ತಿದ್ದಂತೆ ವಿಂಡೋಸ್ ಫೋನಿಗೆ ಹಾರಿದರು. ಬ್ಲ್ಯಾಕ್‌ಬೆರಿಯ ಹಳೆಯ ವೇದಿಕೆಯನ್ನು, ಎಂದರೆ ಫೋನನ್ನು ನಡೆಸುವ ಮೂಲ ತಂತ್ರಾಂಶವನ್ನು, ವಾಟ್ಸ್ಆ್ಯಪ್ 2017ರ ಕೊನೆಗೆ ಕೈಬಿಟ್ಟಿತು. ವಿಂಡೋಸ್ ಫೋನನ್ನು 2019ರ ಡಿಸೆಂಬರ್ 31ಕ್ಕೆ ಕೈಬಿಟ್ಟಿತು. ಹೊಸ ವರ್ಷದ ಶುಭಾಶಯ ಬರಲಿಲ್ಲವೆಂದು ಆ ರಾತ್ರಿ ವಕೀಲರು ಇಡೀ ಬಾರ್ ಅಸೋಸಿಯೇಷನ್ನಿನ ಮೇಲೆ ಮುನಿಸಿಕೊಂಡಿದ್ದರು.

“ಫೋನು ಕೆಟ್ಟದ್ದಾಗಿರಲಿಲ್ಲ,” ಎಂದು ಅವರು ಮೃತರ ಬಗ್ಗೆ ಮಾತಾಡುವ ಧ್ವನಿಯಲ್ಲಿ ಹೇಳಿದರು, “ಬೆಣ್ಣೆಯ ಹಾಗೆ ಜಾರುತ್ತಿತ್ತು. ಆದರೆ ಜನರಿಲ್ಲವೆಂದು ಆ್ಯಪ್ ಮಾಡುವವರು ಬರಲಿಲ್ಲ, ಆ್ಯಪ್ ಇಲ್ಲವೆಂದು ಜನರು ಬರಲಿಲ್ಲ. ಶರಣಬಸವೇಶ್ವರರ ಜಾತ್ರೆಗೆ ಅಂಗಡಿಯವರು ಬರುವುದು ಜನರು ಬರುತ್ತಾರೆಂದು. ಅರ್ಧ ಜನರು ಬರುವುದು ಅಂಗಡಿ ಇರುತ್ತವೆಂದು. ಒಂದು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಮನೆಯಲ್ಲಿ ಕೂತರೆ ತೇರು ಎಳೆಯುವವರು ಯಾರು?”

“ಹಾಗಾದರೆ ಈಗ ನೀವು ಯಾವುದನ್ನು ಬಳಸುತ್ತಿದ್ದೀರಿ?” ಎಂದು ಮಾಸ್ತರರು ಆತಂಕದಿಂದ ಕೇಳಿದರು. ವಕೀಲರು ಹೇಳುವ ಫೋನನ್ನು ತಪ್ಪಿಸಿಕೊಳ್ಳುವುದು ಅವರ ಉದ್ದೇಶವೆಂಬುದು ಎಲ್ಲರಿಗೂ ತಿಳಿಯಿತು. ಇನ್ನು ಉಳಿದಿರುವುದು ಎರಡೇ ವೇದಿಕೆಗಳಾದ್ದರಿಂದ, ದೇಶದ ಹಿತದೃಷ್ಟಿಯಿಂದ ತಾನು ಆಯ್ಕೆಯನ್ನು ಬಹಿರಂಗಪಡಿಸುವುದಿಲ್ಲವೆಂದು ವಕೀಲರು ಹೇಳಿದರು.

ಆಗ ದಾಲ್ ಮಿಲ್ಲಿನ ಸಾಹುಕಾರರು ಬಸಿಯಲ್ಲಿನ ಚಹಾವನ್ನು ಮುಗಿಸಿ ಕೆಳಗಿಟ್ಟರು. ಅವರಿಗೆ ಜಗತ್ತಿನಲ್ಲಿ ತೊಗರಿಗೆ ಹೋಲಿಸಲಾಗದ ವಸ್ತುವಿಲ್ಲ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚ್ಯಂಕ ಸಿಕ್ಕ ಮೇಲಂತೂ ಅವರನ್ನು ಹಿಡಿಯುವವರಿಲ್ಲ. “ಆಂಡ್ರಾಯ್ಡ್ ಎಂದರೆ ಫೋನಲ್ಲ, ಅದು ಬರಿಯ ತೊಗರಿ,” ಎಂದು ಅವರು ಶುರು ಮಾಡಿದರು. “ಗೂಗಲಿನವನು 2005ರಲ್ಲಿ ಆ ಹೊಲವನ್ನು ಕೊಂಡು, ಬೆಳೆದ ರಾಶಿಯನ್ನು ಬೇಕಾದವರು ಒಯ್ಯಿರೆಂದು ಕಣದಲ್ಲಿ ಸುರಿದನು. ಸ್ಯಾಮ್‌ಸಂಗಿನವನು ಒಯ್ದು ತನ್ನ ಮಿಲ್ಲಿನಲ್ಲಿ ಒಡೆದು ಒನ್ ಯುಐ ಎಂಬ ಚೀಲದಲ್ಲಿ ತುಂಬಿದನು, ಶಿಯೋಮಿಯವನು ಹೈಪರ್ ಓಎಸ್ ಎಂಬ ಚೀಲದಲ್ಲಿ ತುಂಬಿದನು. ಒಬ್ಬನು ಎಣ್ಣೆ ಸವರಿ ಹೊಳಪು ಕೊಡುತ್ತಾನೆ, ಇನ್ನೊಬ್ಬನು ಸಿಪ್ಪೆ ಬಿಡಿಸಿ ಹಾಗೆಯೇ ಕೊಡುತ್ತಾನೆ, ಮತ್ತೊಬ್ಬನು ಅಗ್ಗಕ್ಕೆ ಮಾರಬೇಕೆಂದು ನಾಲ್ಕು ಹರಳು ಸೇರಿಸುತ್ತಾನೆ. ಹೊಸ ಫೋನು ತೆರೆದ ಕೂಡಲೇ ನಾವು ಕೇಳದೆಯೇ ಬಂದು ಕೂತಿರುವ ಆಟ, ಸಾಲದ ಆ್ಯಪ್, ಪರದೆಯ ಮೇಲೆ ಹರಿದಾಡುವ ಜಾಹೀರಾತು, ಇವೆಲ್ಲ ಆ ಹರಳುಗಳು. ಆದ್ದರಿಂದ ‘ಆಂಡ್ರಾಯ್ಡ್ ಹೇಗಿದೆ’ ಎಂದು ಕೇಳುವುದೇ ತಪ್ಪು. ಯಾವ ಮಿಲ್ಲಿನದು ಎಂದು ಕೇಳಬೇಕು.”

“ಐಫೋನು?” ಎಂದು ನಾನು ಕೇಳಿದೆ.

“ಅಲ್ಲಿ ಬೀಜ ಅವನದು, ಹೊಲ ಅವನದು, ಮಿಲ್ಲು ಅವನು ಹೇಳಿದಂತೆ ತಿರುಗುತ್ತದೆ, ಅಂಗಡಿಯೂ ಅವನದೇ. ಬೇಳೆ ಬೇಯಿಸುವ ಕುಕ್ಕರಿಗೂ ಅವನ ಸೀಟಿಯೇ ಆಗಬೇಕು. ಹರಳು ಸಿಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಸಾರಿಗೆ ಎಷ್ಟು ಹುಣಸೆ ಹಾಕಬೇಕೆಂಬುದನ್ನೂ ಅವನೇ ಹೇಳುತ್ತಾನೆ.”

ರಾಶಿಯನ್ನು ಪುಕ್ಕಟೆ ಕೊಟ್ಟರು ಎಂಬ ಮಾತು ವಕೀಲರಿಗೆ ಸಹಿಸಲಿಲ್ಲ. ತೊಗರಿ ಪುಕ್ಕಟೆಯಾದರೂ ಚೀಲದ ಬಾಯಿ ಕಟ್ಟುವ ದಾರಕ್ಕೆ ಕರಾರು ಇದೆ, ಪ್ಲೇ ಸ್ಟೋರ್ ಬೇಕೆಂದರೆ ಗೂಗಲಿನ ಉಳಿದ ಆ್ಯಪ್‌ಗಳನ್ನೂ ಮೊದಲೇ ತುಂಬಿಕೊಡಬೇಕಾಗಿತ್ತು, ಇಂಥ ಕಟ್ಟುಪಾಡುಗಳಿಗಾಗಿಯೇ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ ಗೂಗಲ್ಲಿಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು ಎಂದು ಅವರು ಎದ್ದುನಿಂತು ವಾದಿಸಿದರು. ಮಾಸ್ತರರು ಕಣ್ಣು ಮುಚ್ಚಿ ಲೆಕ್ಕ ಹಾಕಿ, ದಶಾಂಶ ಚಿಹ್ನೆಯ ಬಲಗಡೆಯಲ್ಲಿರುವ ಆ 76 ಲಕ್ಷವನ್ನಾದರೂ ಹಿರಿಯ ನಾಗರಿಕರಿಗೆ ಹಂಚಬಹುದಿತ್ತು ಎಂದು ಹೇಳಿದರು.

ನಾನು ವಾದವನ್ನು ಹಗುರಗೊಳಿಸಲೆಂದು, ಆಂಡ್ರಾಯ್ಡಿನ ಆವೃತ್ತಿಗಳಿಗೆ ಅಕ್ಷರಮಾಲೆಯ ಕ್ರಮದಲ್ಲಿ ಸಿಹಿತಿಂಡಿಗಳ ಹೆಸರಿಡುತ್ತಿದ್ದರು, 2019ರ ಆಂಡ್ರಾಯ್ಡ್ 10ರಿಂದ ಆ ಪದ್ಧತಿಯನ್ನು ನಿಲ್ಲಿಸಿದರು ಎಂದು ತಿಳಿಸಿದೆ. ಅದು ಹಗುರವಾಗಲಿಲ್ಲ. ‘ಎಂ’ ಅಕ್ಷರದ ಸರದಿ ಬಂದಾಗ ಏನಿಟ್ಟರು ಎಂದು ಸಾಹುಕಾರರು ಕೇಳಿದರು. ಮಾರ್ಷ್‌ಮೆಲ್ಲೋ ಎಂದೆ. ಅದು ಹೇಗಿರುತ್ತದೆ ಎಂದು ಕೇಳಿದರು. ಸಕ್ಕರೆಯಲ್ಲಿ ಅದ್ದಿದ ಹತ್ತಿಯ ಉಂಡೆಯ ಹಾಗೆ ಎಂದೆ. “ಮಾಲ್ಪುರಿ ಎಂಬುದೊಂದು ಲೋಕದಲ್ಲಿರುವಾಗ!” ಎಂದು ಉದ್ಗರಿಸಿ ಅವರು ಐದು ನಿಮಿಷ ಯಾರೊಂದಿಗೂ ಮಾತಾಡಲಿಲ್ಲ.

ಆ ಮೌನದಲ್ಲಿ ಮಾಸ್ತರರು ತಮ್ಮ ಮುಖ್ಯವಾದ ಷರತ್ತನ್ನು ಮಂಡಿಸಿದರು. ಫೋನು ಅವರೊಂದಿಗೆ ಕನ್ನಡದಲ್ಲಿ ವ್ಯವಹರಿಸಬೇಕು. ಇದು ನನಗೆ ಪ್ರಿಯವಾದ ವಿಷಯ. ನಮ್ಮೂರು ಗುಲ್ಬರ್ಗಾ ಎಂಬ ಹೆಸರನ್ನು ಕಳಚಿ ಅಧಿಕೃತವಾಗಿ ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. ಫೋನಿನ ಪಟ್ಟಿಗಳನ್ನೆಲ್ಲ ಕನ್ನಡದಲ್ಲಿ ತೋರಿಸುವ ಸೌಲಭ್ಯವನ್ನು ಹೊತ್ತ ಆಂಡ್ರಾಯ್ಡ್ 5.0 ಹೊರಬಂದದ್ದೂ ಅದೇ ತಿಂಗಳು. ಐಫೋನಿನ ಸ್ವಂತ ಕೀಲಿಮಣೆಗೆ ಕನ್ನಡ ಬಂದದ್ದು ಅದರ ತಂತ್ರಾಂಶದ 2017ರ ಆವೃತ್ತಿಯಾದ ಐಓಎಸ್ 11ರಲ್ಲಿ. ಇದನ್ನು ಕೇಳಿ ಮಾಸ್ತರರು ಐಫೋನಿನ ಅಂಕಣದಲ್ಲಿ ‘ತಡವಾಗಿ ಹಾಜರಿ’ ಎಂದು ಬರೆದರು. ಹಾಗೆಂದು ಆಂಡ್ರಾಯ್ಡಿಗೆ ಪೂರ್ಣಾಂಕವೇನೂ ಸಿಗಲಿಲ್ಲ. ‘ಸೆಟ್ಟಿಂಗ್‌ಗಳು’ ಎಂಬುದನ್ನು ಕನ್ನಡವೆಂದು ಒಪ್ಪುವುದಕ್ಕೆ ಅವರು ಸಿದ್ಧರಿರಲಿಲ್ಲ.

ಸೂಪರ್ ಮಾರ್ಕೆಟ್ಟಿನಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗ ಬಂದು ಸೇರಿಕೊಂಡದ್ದು ಈ ಹೊತ್ತಿಗೆ. ನಮ್ಮ ಪೈಕಿ ಫೋನಿನ ಹೊಟ್ಟೆಯೊಳಗನ್ನು ನೋಡಿದವನು ಅವನೊಬ್ಬನೇ. ಆದ್ದರಿಂದಲೇ ಅವನು ಎಲ್ಲರಿಗಿಂತ ಕಡಿಮೆ ಮಾತಾಡುತ್ತಾನೆ. ಅವನನ್ನು ಕಂಡು ವಕೀಲರು ತಮ್ಮ ಬತ್ತಳಿಕೆಯ ಕೊನೆಯ ಬಾಣ ತೆಗೆದರು. ಆ್ಯಪಲ್ ಕಂಪನಿಯು ತನ್ನ ಫೋನನ್ನು ಸುತ್ತಲಿನ ಉಷ್ಣತೆ 0ಯಿಂದ 35 ಡಿಗ್ರಿ ಸೆಲ್ಸಿಯಸ್‌ನೊಳಗೆ ಇರುವಲ್ಲಿ ಬಳಸಬೇಕೆಂದು ಹೇಳುತ್ತದೆಯಾದ ಕಾರಣ, ಮೇ ತಿಂಗಳಲ್ಲಿ 40 ದಾಟುವ ಕಲಬುರಗಿಯಲ್ಲಿ ಮಧ್ಯಾಹ್ನ ಐಫೋನು ಬಳಸುವುದು ಕರಾರಿನ ಉಲ್ಲಂಘನೆಯಾಗುತ್ತದೆ ಎಂಬುದು ಅವರ ವಾದವಾಗಿತ್ತು.

“ಸರ್, ಬೇರೆಯವರ ಕೈಪಿಡಿಯಲ್ಲೂ ಹೆಚ್ಚುಕಡಿಮೆ ಅದೇ ಇರುತ್ತದೆ,” ಎಂದ ಹುಡುಗ. “ಎಲ್ಲದರೊಳಗೂ ಇರುವುದು ಲಿಥಿಯಂ ಬ್ಯಾಟರಿ. ಕಾವು ಹೆಚ್ಚಾದರೆ ಯಾವುದೇ ಕಂಪನಿಯದಾದರೂ ಬೇಗ ಮುದಿಯಾಗುತ್ತದೆ. ನೀವು ಗಾಡಿಯ ಮುಂದೆ ಬಿಸಿಲಿಗೆ ಇಟ್ಟು ದಾರಿ ಕೇಳುವುದನ್ನು ಬಿಡಬೇಕು.”

“ನಮ್ಮೂರಿನಲ್ಲಿ ಅದನ್ನು ದಾರಿ ಕೇಳುವವರು ಯಾರು? ಚೌಕಿನಲ್ಲಿ ನಿಂತವರನ್ನು ಕೇಳಿದರೆ ಚಹಾ ಕುಡಿಸಿ ಹೇಳುತ್ತಾರೆ,” ಎಂದು ಸಾಹುಕಾರರ ಮುನಿಸು ಕಳೆಯಿತು.

ಹುಡುಗನು ತೂಕವಿಟ್ಟು ಹೇಳಿದ ಮಾತು ಬೇರೆಯೇ ಇತ್ತು. ಮದುವೆಯ ಕಾಲದಲ್ಲಿ ವಾಟ್ಸ್ಆ್ಯಪ್ಪಿಗೆ ಲಗ್ನಪತ್ರಿಕೆಯ ವೇಷದಲ್ಲಿ ಎಪಿಕೆ ಎಂಬ, ಆ್ಯಪನ್ನು ಆಂಡ್ರಾಯ್ಡಿನೊಳಗೆ ಕೂರಿಸುವ ಕಡತಗಳು ಬರುತ್ತವೆ. ಅದನ್ನು ಒತ್ತಿ, ಕೇಳಿದ್ದಕ್ಕೆಲ್ಲ ಹೂಂ ಎಂದರೆ, ಕಳ್ಳ ಆ್ಯಪ್ ಒಳಹೊಕ್ಕು ಬ್ಯಾಂಕಿನ ಒಟಿಪಿಯನ್ನು ಓದುತ್ತದೆ. ಆಂಡ್ರಾಯ್ಡ್ ಎಚ್ಚರಿಕೆ ಕೊಟ್ಟರೂ, ಬಳಸುವವನು ಹಟ ಹಿಡಿದರೆ ಪ್ಲೇ ಸ್ಟೋರ್ ಎಂಬ ಅಂಗಡಿಯ ಹೊರಗಿನ ಆ್ಯಪನ್ನೂ ಒಳಗೆ ಬಿಡುತ್ತದೆ. ಐಫೋನು ನಮ್ಮ ದೇಶದಲ್ಲಿ ಆ ಬಾಗಿಲನ್ನೇ ಇಟ್ಟಿಲ್ಲ. ಎಪಿಕೆಯನ್ನು ಅದು ಗುರುತಿಸುವುದೂ ಇಲ್ಲ. ಸಾಹುಕಾರರು ಕೂಡಲೇ ತಮ್ಮ ಫೋನನ್ನು ಕಿಸೆಯೊಳಗೆ ಆಳವಾಗಿ ತಳ್ಳಿದರು. ಆ ತಿಂಗಳು ಅವರಿಗೆ ಬಂದಿದ್ದ ಪತ್ರಿಕೆಗಳು ಹದಿನಾಲ್ಕು. ಒಂದನ್ನೂ ತೆರೆಯದೆ ಬಿಡುವಂತಿಲ್ಲ, ಏಕೆಂದರೆ ಕಲಬುರಗಿಯಲ್ಲಿ ಬ್ಯಾಂಕಿನ ದುಡ್ಡು ಹೋದರೆ ಮತ್ತೆ ಗಳಿಸಬಹುದು, ಬೀಗರ ಮದುವೆ ತಪ್ಪಿಸಿದರೆ ಮೂರು ತಲೆಮಾರು ಅನುಭವಿಸಬೇಕು.

ಬೆಲೆಯ ಮಾತು ಬಂದಾಗ ಹೊಸದೇನೂ ಹೊರಡಲಿಲ್ಲ. 2015ರ ಐಫೋನ್ 6ಎಸ್‌ಗೆ 2021ರ ಐಓಎಸ್ 15 ಕೂಡ ದೊರೆತದ್ದನ್ನೂ, ಸ್ಯಾಮ್‌ಸಂಗು ತನ್ನ 2024ರ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷಗಳ ನವೀಕರಣದ ಮಾತು ಕೊಟ್ಟದ್ದನ್ನೂ, ಅಗ್ಗದ ಫೋನುಗಳಿಗೆ ಈ ಭಾಗ್ಯ ಸಾಮಾನ್ಯವಾಗಿ ಇಲ್ಲವೆಂಬುದನ್ನೂ ಹುಡುಗ ವಿವರಿಸಿದ. ತನ್ನ ಸ್ವಂತ ನವೀಕರಣಕ್ಕೇ ಏಳು ವರ್ಷದ ಖಾತರಿ ಕೊಡುವವರಿಲ್ಲದಿರುವಾಗ ಫೋನಿನದನ್ನು ತೆಗೆದುಕೊಂಡು ಏನು ಮಾಡಲೆಂದು ಮಾಸ್ತರರು ಕೇಳಿದರು.

“ಅಂಗಡಿಗೆ ಬಂದವರು ಏನು ನೋಡಿ ಆರಿಸುತ್ತಾರೆ? ಖರೇ ಹೇಳು,” ಎಂದೆ ನಾನು.

ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. “ವೇದಿಕೆಯನ್ನು ಯಾರೂ ಕೇಳುವುದಿಲ್ಲ. ಕಾಲೇಜಿನ ಹುಡುಗರು ಕಂತು ಎಷ್ಟೆಂದು ಕೇಳುತ್ತಾರೆ. ಐಫೋನು ಕೊಂಡವರು ಅದರ ಜೊತೆಗೆ ಸೇಬಿನ ಗುರುತು ಕಾಣುವಂತೆ ದುಂಡಗೆ ತೂತಿರುವ ಕವರನ್ನೇ ಕೇಳುತ್ತಾರೆ. ಅಮೆರಿಕದಲ್ಲಿ ಐಫೋನಿನ ಸಂದೇಶದ ಗುಳ್ಳೆ ನೀಲಿಯೋ (ಎದುರಿಗೂ ಐಫೋನು) ಹಸಿರೋ (ಎದುರಿಗೆ ಆಂಡ್ರಾಯ್ಡ್) ಎಂದು ಹುಡುಗರು ಜಗಳಾಡುತ್ತಾರಂತೆ. ಇಲ್ಲಿ ಎಲ್ಲರೂ ವಾಟ್ಸ್ಆ್ಯಪ್ಪಿನಲ್ಲಿರುವುದರಿಂದ ಆ ಜಗಳಕ್ಕೆ ಅವಕಾಶವಿಲ್ಲ. ಉಳಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ ಸರ್: ‘ನಮ್ಮ ಮನೆಯಲ್ಲಿ ಇಂಥದ್ದಿದೆ, ಅಂಥದ್ದೇ ಇದೆಯೇ?’ ಫೋನು ತಡವರಿಸಿದಾಗ ಯಾರನ್ನು ಕೂಗಬೇಕೋ ಅವರ ಕೈಯಲ್ಲಿರುವುದನ್ನೇ ಕೊಳ್ಳುತ್ತಾರೆ. ಚಾರ್ಜರಿನದೂ ಅದೇ ಕಥೆ. ಯುರೋಪಿನ ಕಾನೂನಿಗೆ ತಲೆಬಾಗಿ 2023ರಲ್ಲಿ ಐಫೋನ್ 15ಕ್ಕೆ ಯುಎಸ್‌ಬಿ-ಸಿ ಬಂದ ಮೇಲೆ ಒಂದೇ ವೈರಿಗೆ ಅತ್ತೆ ಸೊಸೆ ಇಬ್ಬರೂ ಜೋತುಬೀಳುವಂತಾಯಿತು.”

ಮಾಸ್ತರರು ನೋಟುಪುಸ್ತಕವನ್ನು ಮಡಚಿದರು. ತಾನು ಕೂಗುವುದು ಯಾರನ್ನು ಎಂಬುದಕ್ಕೆ ಅವರಿಗೆ ಅಡ್ಡಪಟ್ಟಿ ಬೇಕಿರಲಿಲ್ಲ. ಅವರ ಮನೆಯವರು ಗಾಜು ಬಿರಿದ ಆಂಡ್ರಾಯ್ಡ್ ಒಂದರಲ್ಲಿ ಗ್ಯಾಸ್ ಬುಕ್ ಮಾಡುತ್ತಾರೆ, ಕರೆಂಟ್ ಬಿಲ್ಲು ಕಟ್ಟುತ್ತಾರೆ, ಭಜನಾ ಮಂಡಳಿಯ ಗುಂಪಿನಿಂದ ತಂಟೆಕೋರರನ್ನು ಹೊರಗೂ ಹಾಕುತ್ತಾರೆ.

ಮುಂದಿನ ಭಾನುವಾರ ಮಗನು ಹೈದರಾಬಾದಿನಿಂದ ಐಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಬಂದನು. ಸೊಸೆಯ ಫೋನೂ ಐಫೋನಾದ್ದರಿಂದ, ಮೊಮ್ಮಗಳೊಂದಿಗೆ ಫೇಸ್‌ಟೈಮಿನಲ್ಲಿ ಮಾತಾಡಲು ಅನುಕೂಲವೆಂದು ಮಾಸ್ತರರ ಮನೆಯವರು ಅದನ್ನು ಪೆಟ್ಟಿಗೆ ಸಮೇತ ತಮ್ಮ ವಶಕ್ಕೆ ತೆಗೆದುಕೊಂಡರು. 2022ರಿಂದೀಚೆಗೆ ಆಂಡ್ರಾಯ್ಡಿನ ವಾಟ್ಸ್ಆ್ಯಪ್ ಮಾತುಕತೆಗಳನ್ನು ಹೊಸ ಐಫೋನಿಗೆ ಸಾಗಿಸಲು ಬರುತ್ತದೆಯಾದ್ದರಿಂದ ಭಜನಾ ಮಂಡಳಿಯೂ ಇಡಿಯಾಗಿ ವಲಸೆ ಹೋಯಿತು. ಬಿರಿದ ಗಾಜಿನ ಆಂಡ್ರಾಯ್ಡ್ ಮಾಸ್ತರರ ಪಾಲಿಗೆ ಬಂತು. ಮಗನಿಗೂ ಅಳಿಯನಿಗೂ ಏಕಕಾಲದಲ್ಲಿ ಸಮಾಧಾನವಾದದ್ದು ಆ ಮನೆಯ ಇತಿಹಾಸದಲ್ಲಿ ಅದೇ ಮೊದಲಂತೆ.

“ಇದಕ್ಕೆ ನಾನು ಏನನ್ನೂ ಕಲಿಸಬೇಕಾಗಿಲ್ಲ,” ಎಂದು ಸೋಮವಾರ ಸಂಜೆ ಮಾಸ್ತರರು ಹಿಗ್ಗಿನಿಂದ ಹೇಳಿದರು, “ಅವಳು ಎಲ್ಲವನ್ನೂ ಕಲಿಸಿಟ್ಟಿದ್ದಾಳೆ.” ಅದರ ಸಾಬೀತಿಗೆಂದು ಐವರ ಚಹಾದ ದುಡ್ಡನ್ನು ತಾವೇ ಕೊಡುವುದಾಗಿ ಘೋಷಿಸಿ, ಅಂಗಡಿಯ ಗೋಡೆಯ ಮೇಲಿನ ಚೌಕುಳಿ ಚಿತ್ರಕ್ಕೆ ಫೋನು ಹಿಡಿದರು. ದುಡ್ಡು ಹೋಗಲಿಲ್ಲ. ಇನ್ನೊಮ್ಮೆ ಹಿಡಿದರು. ರಿಪೇರಿಯ ಹುಡುಗ ಇಣುಕಿ ನೋಡಿ, ಒಳಗಿರುವುದು ಮಾಸ್ತರರ ಸಿಮ್ಮು, ಆದರೆ ಯುಪಿಐ ನೋಂದಣಿಯಾಗಿರುವುದು ಅಮ್ಮನವರ ಸಿಮ್ಮಿಗೆ, ಈ ಫೋನಿನಿಂದ ನಿಮ್ಮ ಸಂಖ್ಯೆಯ ಎಸ್‌ಎಂಎಸ್ ಹೋಗಿ ಹೊಸದಾಗಿ ನೋಂದಣಿಯಾಗುವವರೆಗೆ ಬ್ಯಾಂಕು ನಿಮ್ಮನ್ನು ಗುರುತಿಸುವುದಿಲ್ಲ ಎಂದು ತಿಳಿಸಿದ. ಸಾಹುಕಾರರು ಐನೂರರ ನೋಟು ತೆಗೆದರು. ಅದಕ್ಕೆ ಚಿಲ್ಲರೆ ಇರಲಿಲ್ಲ. ವಕೀಲರು ಯಾರದೋ ಕರೆ ಬಂದವರಂತೆ ಫೋನು ಕಿವಿಗಿಟ್ಟುಕೊಂಡು ಕೆರೆಯ ಕಡೆಗೆ ನಡೆದರು; ಅದು ಯಾವ ವೇದಿಕೆಯ ಫೋನೆಂದು ಕತ್ತಲಲ್ಲಿ ನನಗೆ ಆಗಲೂ ಕಾಣಲಿಲ್ಲ. ಕೊನೆಗೆ ಚಹಾದವನು ಮಾಸ್ತರರ ನೋಟುಪುಸ್ತಕವನ್ನೇ ಇಸಿದುಕೊಂಡು, ಆಂಡ್ರಾಯ್ಡ್ ಎಂಬ ತಲೆಬರಹದ ಕೆಳಗೆ, ಐದು ಚಹಾ ಬಾಕಿ ಎಂದು ಬರೆದುಕೊಟ್ಟನು.