ಹಳೆ ಬೈಕಿನ ಸೀಟ್ ಕೆಳಗೆ ಉಪ್ಪು, ಹ್ಯಾಂಡಲ್ ಒಳಗೆ ಕಾಗದ: ಇದು ಎಲ್ಲೆಲ್ಲಿ ತಿರುಗಿರಬಹುದು?

ಹೊಸಸವಾರ

ಎಲ್ಲರಿಗೂ ನಮಸ್ಕಾರ.

ಆರು ವಾರದ ಹಿಂದೆ ಸೆಕೆಂಡ್ ಹ್ಯಾಂಡ್ ಸುಜುಕಿ ಡಿಆರ್650 ಕೊಂಡೆ. ಇದು ನನ್ನ ಮೊದಲ ದೊಡ್ಡ ಬೈಕ್. ಮಾರಿದವರು ಎರಡನೇ ಮಾಲೀಕರು. ಅವರು ಮೊದಲ ಮಾಲೀಕರ ಅಕ್ಕನಿಂದ ಕೊಂಡಿದ್ದಂತೆ. ತಂದ ಮೇಲೆ ಹತ್ತು ಸಲವೂ ಓಡಿಸಲಿಲ್ಲ, ಟಾರ್ಪಾಲ್ ಹೊದಿಸಿ ನಿಲ್ಲಿಸಿದ್ದೆ ಎಂದರು. ಮೀಟರ್ 38,900 ತೋರಿಸುತ್ತದೆ. ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಕಾಗದಪತ್ರಕ್ಕೆ ತಾಳೆಯಾಗುತ್ತವೆ. ಅದರಲ್ಲಿ ಅನುಮಾನ ಇಲ್ಲ.

ತೊಂದರೆ ಇಷ್ಟು. ಅರ್ಧ ಥ್ರಾಟಲ್‌ವರೆಗೆ ಚೆನ್ನಾಗಿ ಓಡುತ್ತದೆ. ಪೂರ್ತಿ ತಿರುಗಿಸಿದರೆ ಮುಗ್ಗರಿಸುತ್ತದೆ, ಎಳೆಯುವುದೇ ಇಲ್ಲ. ಎಂಜಿನ್ ಬೇಗ ಕಾಯುತ್ತದೆ. ಪ್ಲಗ್ ಬಿಚ್ಚಿ ನೋಡಿದರೆ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಕಾರಣ ಹುಡುಕೋಣ ಅಂತ ಭಾನುವಾರ ಸೀಟು, ಟ್ಯಾಂಕು ಎಲ್ಲ ಇಳಿಸಿದೆ. ಕಾರಣ ಸಿಗಲಿಲ್ಲ. ಬೇರೆ ಏನೇನೋ ಸಿಕ್ಕಿತು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಕ್ಲಚ್ ಕೇಬಲ್ ಪಕ್ಕದಲ್ಲೇ ಇನ್ನೊಂದು ಕೇಬಲ್ ಹಾದುಹೋಗಿದೆ. ಎರಡು ತುದಿಗೂ ಟೇಪ್ ಸುತ್ತಿದ್ದಾರೆ, ಯಾವುದಕ್ಕೂ ಜೋಡಿಸಿಲ್ಲ.

ಹಿಂದಿನ ಪೆಟ್ಟಿಗೆ ಕೂರಿಸುವ ಕಬ್ಬಿಣದ ಚೌಕಟ್ಟು ಬಲಗಡೆ ಮುರಿದು, ಮತ್ತೆ ಬೆಸುಗೆ ಆಗಿದೆ. ಆಸರೆಗೆ ಇಟ್ಟಿರುವುದು ಕಾಂಕ್ರೀಟಿನೊಳಗೆ ಹಾಕುತ್ತಾರಲ್ಲ, ಆ ಏಣು ಏಣಾಗಿರುವ ಕಬ್ಬಿಣದ ಸರಳು. ನೋಡಲು ಒರಟು, ಆದರೆ ಅಲುಗಾಡುವುದಿಲ್ಲ.

ಹೆಡ್‌ಲೈಟು, ಟ್ಯಾಂಕು, ಫೋರ್ಕ್ ಕವರ್ ಮೂರರಲ್ಲೂ ಎಡಭಾಗ ಮಂಕಾಗಿದೆ. ಬಲಭಾಗ ಇನ್ನೂ ಹೊಳೆಯುತ್ತದೆ.

ವೈರಿಂಗ್ ಕನೆಕ್ಟರ್‌ಗಳ ಮೇಲೆ ಬಿಳಿ ಪುಡಿ, ಒಳಗೆ ಹಸಿರು. ಒಂದು ಕಣ ನಾಲಿಗೆಗೆ ಇಟ್ಟೆ. ಉಪ್ಪು!

ಸೀಟ್ ಕೆಳಗೆ ಹಳೇ ಕ್ಯಾಮೆರಾ ರೀಲಿನ ಕಪ್ಪು ಡಬ್ಬಿ ಒಂದನ್ನು ಟೇಪ್ ಹಾಕಿ ಅಂಟಿಸಿದ್ದರು. ಒಳಗೆ ಹತ್ತಿಯಲ್ಲಿ ಸುತ್ತಿದ ಮೂರು ಸಣ್ಣ ಹಿತ್ತಾಳೆ ತುಂಡು. ಪ್ರತಿಯೊಂದರ ನಡುವೆ ಸೂಜಿ ತೂರುವಷ್ಟು ತೂತು.

ಕೊನೆಯದು, ನನ್ನನ್ನು ನಿದ್ದೆ ಮಾಡಲು ಬಿಡದೇ ಇರುವುದು. ಎಡಗೈ ಗಾರ್ಡ್ ಬಿಚ್ಚಿದಾಗ ಹ್ಯಾಂಡಲ್ ಪೈಪಿನೊಳಗೆ ಪ್ಲಾಸ್ಟಿಕ್ ಸುತ್ತಿದ ಎರಡು ಕಾಗದ ಇದ್ದವು. ಒಂದು ಅಚ್ಚಾದದ್ದು, ಬಹುತೇಕ ಅಳಿಸಿಹೋಗಿದೆ. ಮೇಲೆ ‘ಅದುವಾನಾ’ ಎಂಬ ಪದ ಮಾತ್ರ ಓದಬಹುದು. ಇನ್ನೊಂದು ಕೈಬರಹ. ಸಾಲುಸಾಲಾಗಿ ಬರೀ ಸಂಖ್ಯೆ, ಒಂದೊಂದು ಸಾಲಿನಲ್ಲೂ ಎರಡು. ಮಧ್ಯದಲ್ಲಿ ಒಂದು ಕಡೆ ಗೆರೆ ಎಳೆದು ‘ಜಿಪಿಎಸ್’ ಎಂದು ಬರೆದಿದೆ. ಪೆಟ್ಟಿಗೆಯ ಚೌಕಟ್ಟಿನ ಮೇಲೆ ಮೊಟ್ಟೆಯಾಕಾರದ ಎರಡು ಸ್ಟಿಕ್ಕರ್ ಉಳಿದಿವೆ: ‘ಆರ್‌ಎ’, ‘ಬಿಓಎಲ್’.

ಎಲ್ಲ ತೆಗೆದು ಕಂಪನಿಯಿಂದ ಬಂದ ಹಾಗೆ ಮಾಡಿಬಿಡಿ ಎನ್ನುತ್ತಾನೆ ಗೆಳೆಯ. ನನಗೆ ಕೈ ಬರುತ್ತಿಲ್ಲ. ಇವೆಲ್ಲ ಏನು? ಗೊತ್ತಿರುವವರು ದಯವಿಟ್ಟು ಹೇಳಿ.

ಟಾರ್ಕ್‌ರೆಂಚ್

ಮೊದಲು ಎಂಜಿನ್ ವಿಷಯ. ಅದು ಸರಿಹೋಗುವ ತನಕ ಪೂರ್ತಿ ಥ್ರಾಟಲ್ ಕೊಡಬೇಡಿ. ಬಿಳಿ ಪ್ಲಗ್, ಮೇಲಿನ ವೇಗದಲ್ಲಿ ಮುಗ್ಗರಿಸುವುದು, ಕಾಯುವುದು, ಮೂರೂ ಸೇರಿದರೆ ಪೆಟ್ರೋಲ್ ಕಡಿಮೆ ಬೀಳುತ್ತಿದೆ ಎಂದು ಅರ್ಥ. ಹಾಗೇ ಓಡಿಸಿದರೆ ಪಿಸ್ಟನ್‌ಗೆ ಕುತ್ತು.

ಡಬ್ಬಿಯಲ್ಲಿರುವುದು ಕಾರ್ಬುರೇಟರ್ ಜೆಟ್‌ಗಳು. ಎಂಜಿನ್‌ಗೆ ಎಷ್ಟು ಪೆಟ್ರೋಲ್ ಹೋಗಬೇಕು ಎಂಬುದನ್ನು ಆ ತೂತಿನ ಅಳತೆಯೇ ತೀರ್ಮಾನಿಸುತ್ತದೆ. ಭೂತಗನ್ನಡಿ ಹಿಡಿದು ನೋಡಿ, ಪ್ರತಿಯೊಂದರ ಮೇಲೂ ನಂಬರ್ ಕೆತ್ತಿರುತ್ತದೆ. ಕಾರ್ಬುರೇಟರ್ ಒಳಗಿರುವ ಮೇನ್ ಜೆಟ್ (ಪೂರ್ತಿ ಥ್ರಾಟಲ್‌ಗೆ ಪೆಟ್ರೋಲ್ ಬಿಡುವುದು) ನಂಬರ್ ಏನು, ಸರ್ವಿಸ್ ಪುಸ್ತಕದಲ್ಲಿ ಏನಿದೆ, ಡಬ್ಬಿಯಲ್ಲಿ ಏನಿದೆ, ಮೂರನ್ನೂ ಹೋಲಿಸಿ.

ಇನ್ನೊಂದು. ಬ್ಯಾಟರಿ ಹತ್ತಿರದ ಬಿಳಿ ಪುಡಿಯನ್ನು ಇನ್ನು ಯಾವತ್ತೂ ನಾಲಿಗೆಗೆ ಇಡಬೇಡಿ. ಆಸಿಡ್ ಆಗಿರಬಹುದಿತ್ತು.

ಹಳೇಚೈನ್

ತಮ್ಮಾ, ಗೆಳೆಯನ ಮಾತು ಕೇಳಬೇಡ. ನಿನ್ನ ಪಟ್ಟಿ ಎರಡು ಸಲ ಓದಿದೆ. ನಾನು ಮೂವತ್ತು ವರ್ಷದಿಂದ ಇಂಥ ಬೈಕ್ ಬಿಚ್ಚಿ ಜೋಡಿಸಿದವನು. ದೂರ ಹೋಗಿ ಬಂದ ಬೈಕು ಕಂಡರೆ ನನಗೆ ಗೊತ್ತಾಗುತ್ತದೆ.

ಎರಡನೇ ಕ್ಲಚ್ ಕೇಬಲ್ ಅನ್ನೋದು ವರ್ಷಗಟ್ಟಲೆ ರಸ್ತೆಯಲ್ಲಿರುವವರ ಅಭ್ಯಾಸ. ಕೇಬಲ್ ಕಡಿದರೆ ಟ್ಯಾಂಕ್ ಇಳಿಸಿ ಹೊಸದನ್ನು ತೂರಿಸುತ್ತಾ ಕೂರುವ ಹಾಗಿಲ್ಲ. ಸುತ್ತ ಯಾರೂ ಇರುವುದಿಲ್ಲ, ಕತ್ತಲಾಗುತ್ತಿರುತ್ತದೆ. ಎರಡು ತುದಿ ಬಿಚ್ಚಿ ಪಕ್ಕದ್ದನ್ನು ಸಿಕ್ಕಿಸಿದರೆ ಹತ್ತೇ ನಿಮಿಷದ ಕೆಲಸ. ಅದನ್ನು ತೆಗೆಯಬೇಡ, ನಿನಗೂ ಬೇಕಾಗುತ್ತದೆ.

ಆ ಸರಳಿನ ಬೆಸುಗೆ ಮಾಡಿದವನು ಬೈಕ್ ಮೆಕ್ಯಾನಿಕ್ ಅಲ್ಲ. ಕಿಟಕಿ, ಗೇಟು ಬೆಸೆಯುವವನು. ಕೈಗೆ ಸಿಕ್ಕ ಕಬ್ಬಿಣದಲ್ಲೇ ಕೆಲಸ ಮುಗಿಸಿದ್ದಾನೆ. ಒಂದು ಗೊತ್ತಿರಲಿ, ಬೈಕಿನ ಮೇಲೆ ಬೆಸುಗೆ ಹಾಕಿಸುವಾಗ ಬ್ಯಾಟರಿ ತಂತಿ ಬಿಚ್ಚಲೇಬೇಕು. ಇಲ್ಲದಿದ್ದರೆ ಸಿಡಿಐ, ಅಂದರೆ ಪ್ಲಗ್‌ಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಹಾಳಾಗಬಹುದು. ನಿನ್ನದು ಓಡುತ್ತಿದೆ ಅಂದಮೇಲೆ ಅಲ್ಲಿ ನಿಂತವರು ತಿಳಿದವರೇ.

ಡಿಆರ್650ರಲ್ಲಿ ಒಂದು ಹಳೇ ಕಾಯಿಲೆ ಇದೆ. ಕ್ಲಚ್ ಹಿಂದೆ, ಎಂಜಿನ್ನಿನ ಒಳಗೇ, ನ್ಯೂಟ್ರಲ್ ಸ್ವಿಚ್ಚಿನ ಎರಡು ಸಣ್ಣ ತಿರುಪು ಇವೆ. ಸಡಿಲವಾಗಿ ಬಿದ್ದರೆ ಗೇರುಗಳ ನಡುವೆ ಹೋಗಿ ಸಿಕ್ಕಿಕೊಳ್ಳುತ್ತವೆ. ಕ್ಲಚ್ ಕವರ್ ಬಿಚ್ಚುವ ದಿನ ನೋಡು. ಆ ತಿರುಪುಗಳಿಗೆ ತಂತಿ ಹಾಕಿ ಕಟ್ಟಿದ್ದರೆ, ಈ ಮನುಷ್ಯ ಹೊರಡುವ ಮೊದಲು ಎಷ್ಟು ತಯಾರಿ ಮಾಡಿದ್ದ ಎಂದು ನಿನಗೇ ಗೊತ್ತಾಗುತ್ತದೆ.

ಮೀಟರನ್ನು ನಂಬಬೇಡ. ಈ ಬೈಕಿನಲ್ಲಿ ಅದು ಮುಂದಿನ ಚಕ್ರದಿಂದ ಬರುವ ಕೇಬಲ್ಲಿನಿಂದ ತಿರುಗುತ್ತದೆ. ಕೇಬಲ್ ತುಂಡಾದರೆ ಬೈಕ್ ಓಡುತ್ತಲೇ ಇರುತ್ತದೆ, ಮೀಟರ್ ನಿಂತಿರುತ್ತದೆ. ಕಾಗದದಲ್ಲಿ ‘ಜಿಪಿಎಸ್’ ಎಂದು ಬರೆದ ಜಾಗದಲ್ಲಿ ಏನಾಗಿದೆ ನೋಡು.

ದಾರಿಹೋಕಳು

ಸ್ಟಿಕ್ಕರ್ ನೋಡಿ ಎದೆ ಝಲ್ಲೆಂದಿತು. ಗಾಡಿ ದೇಶ ದಾಟುವಾಗ ಯಾವ ದೇಶದ್ದು ಎಂದು ತೋರಿಸುವ ಅಕ್ಷರಗಳು ಅವು. ಆರ್‌ಎ ಅಂದರೆ ಅರ್ಜೆಂಟೀನಾ, ಅಲ್ಲಿನವರು ‘ರೆಪುಬ್ಲಿಕಾ ಅರ್ಹೆಂತಿನಾ’ ಎನ್ನುತ್ತಾರೆ. ಬಿಓಎಲ್ ಅಂದರೆ ಬೊಲಿವಿಯಾ. ಅದುವಾನಾ ಅನ್ನೋದು ಸ್ಪ್ಯಾನಿಷ್‌ನಲ್ಲಿ ಕಸ್ಟಮ್ಸ್. ಪರದೇಶದ ಬೈಕಿಗೆ ಗಡಿಯಲ್ಲಿ ತಾತ್ಕಾಲಿಕ ಪರವಾನಗಿ ಕೊಡುತ್ತಾರೆ. ಹೊರಗೆ ಹೋಗುವಾಗ ಅದನ್ನು ತೋರಿಸಬೇಕು. ಕಳೆದರೆ ಬೈಕನ್ನು ಆಚೆ ಒಯ್ಯುವುದು ದೊಡ್ಡ ರಗಳೆ. ಅದಕ್ಕೇ ಅದನ್ನು ಹ್ಯಾಂಡಲ್ ಒಳಗೆ ಇಟ್ಟಿರಬೇಕು.

ಇನ್ನು ಉಪ್ಪು. ಇದು ಸಮುದ್ರದ ಗಾಳಿಯ ಉಪ್ಪಲ್ಲ ಅಂತ ನನಗೆ ಅನ್ನಿಸುತ್ತದೆ. ಬೊಲಿವಿಯಾದಲ್ಲಿ ಸಾಲಾರ್ ದೆ ಉಯುನಿ ಎಂಬ ಉಪ್ಪಿನ ಬಯಲಿದೆ. 10,000 ಚದರ ಕಿ.ಮೀ.ಗೂ ಜಾಸ್ತಿ, ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರ. ನಾನು ಅಲ್ಲಿ ಬೈಕ್ ಓಡಿಸಿದ್ದೇನೆ. ಮಳೆಗಾಲದಲ್ಲಿ ಅದರ ಮೇಲೆ ತೆಳ್ಳಗೆ ನೀರು ನಿಲ್ಲುತ್ತದೆ, ಆಕಾಶ ಕಾಲ ಕೆಳಗೂ ಇರುತ್ತದೆ. ಆದರೆ ಆ ನೀರು ಬೈಕಿಗೆ ವಿಷ. ಚಕ್ರ ಎರಚಿದ ಉಪ್ಪುನೀರು ಎಲ್ಲ ಸಂದಿಗೂ ನುಗ್ಗುತ್ತದೆ. ದಾಟಿದ ದಿನವೇ ಸಿಹಿನೀರಿನಲ್ಲಿ ತೊಳೆಯಬೇಕು. ನಾವು ಗಂಟೆಗಟ್ಟಲೆ ತೊಳೆದಿದ್ದೆವು. ನಿಮ್ಮ ಬೈಕನ್ನು ಯಾರೂ ತೊಳೆದಿಲ್ಲ.

ಎಡಭಾಗದ ಮಂಕು ಯಾಕೆ ಅಂತ ಬಹಳ ಹೊತ್ತು ಯೋಚಿಸಿದೆ. ಅರ್ಜೆಂಟೀನಾದ ದಕ್ಷಿಣಕ್ಕೆ ಪ್ಯಾಟಗೋನಿಯಾ. ಅಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಬೈಕನ್ನು ರಸ್ತೆಯಿಂದ ಆಚೆ ತಳ್ಳುವಷ್ಟು ಜೋರು. ರೂಟಾ 40 ಎಂಬ 5,000 ಕಿ.ಮೀ. ದಾಟುವ ರಸ್ತೆ ಆ ಸೀಮೆಯಲ್ಲಿ ಉತ್ತರ ದಕ್ಷಿಣವಾಗಿ ಹೋಗುತ್ತದೆ. ಎಡಕ್ಕೆ ಮರಳು ಹೊಡೆದಿದ್ದರೆ ಪಶ್ಚಿಮ ಎಡಗಡೆ ಇತ್ತು. ಅಂದರೆ ಸವಾರ ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತಿದ್ದರು.

ಟಾರ್ಕ್‌ರೆಂಚ್

ಒಂದೇ ಕಡೆ ಬಿಸಿಲು ಬೀಳುವಂತೆ ವರ್ಷಗಟ್ಟಲೆ ನಿಲ್ಲಿಸಿದರೂ ಹೀಗಾಗುತ್ತದೆ. ಮಂಕಾದ ಜಾಗಕ್ಕೆ ಉಗುರು ತಾಗಿಸಿ ನೋಡಿ. ಬಿಸಿಲಾದರೆ ನುಣುಪಾಗಿಯೇ ಇರುತ್ತದೆ. ಮರಳಾದರೆ ಸಣ್ಣ ಸಣ್ಣ ಗುಳಿ ಇರುತ್ತವೆ, ಹೆಡ್‌ಲೈಟ್ ಗಾಜಿನಲ್ಲೂ.

ಹೊಸಸವಾರ

ಎಲ್ಲರಿಗೂ ಧನ್ಯವಾದ. ಮೂರು ರಾತ್ರಿ ಇದರಲ್ಲೇ ಮುಳುಗಿದ್ದೆ.

ಗುಳಿಗಳಿವೆ. ಗಾಜಿನಲ್ಲೂ ಇವೆ. ಬಲಗಡೆ ಒಂದೂ ಇಲ್ಲ.

ಕ್ಲಚ್ ಕವರ್ ಬಿಚ್ಚಿದೆ. ಆ ಎರಡು ತಿರುಪುಗಳ ತಲೆಗೆ ತೂತು ಕೊರೆದು, ಸ್ಟೀಲ್ ತಂತಿ ತೂರಿಸಿ, ಒಂದಕ್ಕೊಂದು ಹೆಣೆದಿದ್ದಾರೆ. ಹೆಣಿಗೆ ಎಷ್ಟು ಅಚ್ಚುಕಟ್ಟು ಅಂದರೆ, ಟಾರ್ಚ್ ಹಿಡಿದು ಸುಮ್ನೆ ನೋಡುತ್ತಾ ಕೂತೆ. ಎಂಜಿನ್ ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳದ ಜಾಗ ಅದು.

ಕೈಬರಹದ ಪಟ್ಟಿ ಪೆಟ್ರೋಲ್ ಲೆಕ್ಕ. ಒಂದು ಸಂಖ್ಯೆ ಕಿಲೋಮೀಟರ್, ಇನ್ನೊಂದು ಲೀಟರ್. ಲೆಕ್ಕ ಹಾಕಿದರೆ ಲೀಟರಿಗೆ 20ರ ಆಸುಪಾಸು ಬರುತ್ತದೆ. 38,412ಕ್ಕೆ ಮೀಟರ್ ನಿಂತಿದೆ, ಅಲ್ಲಿಂದ ಜಿಪಿಎಸ್ ಲೆಕ್ಕ. ಮೀಟರ್ ಈಗ 38,900 ತೋರಿಸುತ್ತಿದೆ ಅಂದರೆ ಕೇಬಲ್ ಆಮೇಲೆ ಯಾರೋ ಸರಿ ಮಾಡಿಸಿರಬೇಕು. ಕೊನೆಯ ಸಾಲು 46,207. ಅದರ ಎದುರು ಲೀಟರ್ ಬರೆದಿಲ್ಲ. ಖಾಲಿ ಬಿಟ್ಟಿದ್ದಾರೆ.

ಕಾರ್ಬುರೇಟರ್ ಒಳಗಿದ್ದ ಮೇನ್ ಜೆಟ್ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮೂರು ಅಳತೆ ಚಿಕ್ಕದು. ಪುಸ್ತಕದ ನಂಬರಿನ ಜೆಟ್ ಡಬ್ಬಿಯಲ್ಲೇ ಇದೆ. ನನಗೆ ಬೇಕಾದದ್ದು ಆರು ವಾರದಿಂದ ನನ್ನ ಸೀಟಿನ ಕೆಳಗೇ ಇತ್ತು. ಆದರೆ ಅವರು ಅದನ್ನು ತೆಗೆದದ್ದು ಯಾಕೆ?

ಹಳೇಚೈನ್

ಎತ್ತರಕ್ಕೆ. 3,650 ಮೀಟರ್ ಅಂದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗೂ ಸ್ವಲ್ಪ ಕಡಿಮೆ. ಗಾಳಿ ಕಡಿಮೆ, ಪೆಟ್ರೋಲ್ ಮಾತ್ರ ಕೆಳಗಿನಷ್ಟೇ. ಆಗ ಎಂಜಿನ್ ಉಸಿರು ಕಟ್ಟಿದಂತೆ ಓಡುತ್ತದೆ, ಕಪ್ಪು ಹೊಗೆ ಬಿಡುತ್ತದೆ. ಈ ಬೈಕಿನ ಕಾರ್ಬುರೇಟರ್ ಸ್ವಲ್ಪಮಟ್ಟಿಗೆ ತಾನೇ ಹೊಂದಿಕೊಳ್ಳುತ್ತದೆ. ಆದರೆ ವಾರಗಟ್ಟಲೆ ಅಷ್ಟು ಎತ್ತರದಲ್ಲಿ ತಿರುಗುವವರು ಚಿಕ್ಕ ಜೆಟ್ ಹಾಕಿಕೊಳ್ಳುತ್ತಾರೆ. ಕೆಳಗೆ ಇಳಿದಾಗ ಹಳೆಯದನ್ನು ಮತ್ತೆ ಹಾಕಬೇಕು. ಅದಕ್ಕೆಂದೇ ಹತ್ತಿಯಲ್ಲಿ ಸುತ್ತಿ ಜೋಪಾನ ಮಾಡಿದ್ದಾನೆ.

ಹಾಕಲಿಲ್ಲ. ತಿರುಪಿಗೆ ತಂತಿ ಹೆಣೆದ ಮನುಷ್ಯ ಜೆಟ್ ಮರೆಯುತ್ತಾನಾ? ಉಪ್ಪು ತೊಳೆಯದೆ ಬಿಡುತ್ತಾನಾ? ಅವನು ಬೈಕ್ ಓಡಿಸಿಕೊಂಡು ಆ ಎತ್ತರದಿಂದ ಇಳಿಯಲೇ ಇಲ್ಲ ಅಂತ ನನ್ನ ಊಹೆ. ಬೊಲಿವಿಯಾಕ್ಕೆ ಸಮುದ್ರ ಇಲ್ಲ. ಬೈಕನ್ನು ಲಾರಿಗೆ ಹಾಕಿ ಪಕ್ಕದ ದೇಶದ ಬಂದರಿಗೆ, ಅಲ್ಲಿಂದ ಹಡಗಿಗೆ ಹತ್ತಿಸಿರಬೇಕು. ಆ ಪ್ರಯಾಣ ಮೇಲೆಯೇ ನಿಂತುಹೋಗಿದೆ.

46,207 ಎಂದೇ ತಿಳಿದು ವಾಲ್ವ್ ಕ್ಲಿಯರೆನ್ಸ್, ಕ್ಯಾಮ್ ಚೈನ್ ನೋಡಿಸು.

ಹೊಸಸವಾರ

ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಮಾಡಲಾಗಲಿಲ್ಲ. ಬೈಕ್ ಮಾರಿದ್ದು ಅವರಲ್ಲ, ಅವರ ಅಕ್ಕ ಅನ್ನೋದು ಈಗ ಬೇರೆ ರೀತಿ ಕೇಳಿಸುತ್ತಿದೆ. ನನಗೆ ಮಾರಿದವರ ಹತ್ತಿರ ಆ ಅಕ್ಕನ ವಿಳಾಸ ಇದೆಯಂತೆ. ಏನಾಯಿತು ಎಂದು ಕೇಳಲೇ?

ದಾರಿಹೋಕಳು

ವಿಳಾಸ ನೀವು ಇಸಿದುಕೊಳ್ಳಬೇಡಿ. ಕಾಗದ ಬರೆದು ಮಾರಿದವರ ಕೈಗೆ ಕೊಡಿ, ಅವರೇ ತಲುಪಿಸಲಿ. ಏನಾಯಿತು ಎಂದು ಕೇಳಬೇಡಿ. ಬೈಕ್ ನಿಮ್ಮ ಹತ್ತಿರ ಚೆನ್ನಾಗಿದೆ, ಹ್ಯಾಂಡಲ್ ಒಳಗೆ ಈ ಎರಡು ಕಾಗದ ಸಿಕ್ಕಿವೆ, ಬೇಕಾದರೆ ಕಳಿಸುತ್ತೇನೆ ಎಂದಷ್ಟೇ ಬರೆಯಿರಿ. ಆ ಮೊದಲ ಸವಾರರು ಹುಷಾರಿಲ್ಲದೆ ಊರಿಗೆ ಮರಳಿರಬಹುದು. ಮನೆಯಲ್ಲಿ ಏನೋ ಆಗಿ ವಿಮಾನ ಹತ್ತಿರಬಹುದು. ನನ್ನ ಪ್ರಯಾಣವೂ ಒಮ್ಮೆ ಹಾಗೇ ಅರ್ಧಕ್ಕೆ ನಿಂತಿತು, ಅಮ್ಮನಿಗಾಗಿ. ಬೈಕನ್ನು ಮತ್ತೆ ನೋಡಲು ನನಗೆ ಎರಡು ವರ್ಷ ಮನಸ್ಸಾಗಲಿಲ್ಲ. ಯಾರಾದರೂ ಅದನ್ನು ಪ್ರೀತಿಯಿಂದ ಓಡಿಸುತ್ತಿದ್ದಾರೆ ಎಂದು ಗೊತ್ತಾಗಿದ್ದರೆ ಆಗ ನನಗೆ ಒಳ್ಳೆಯದೇ ಆಗುತ್ತಿತ್ತು.

ಹೊಸಸವಾರ

ದಾರಿಹೋಕಳು ಅವರೇ, ನೀವು ಹೇಳಿದ ಹಾಗೇ ಬರೆದೆ. ಒಂದೇ ಪುಟ. ಮೂರು ಸಲ ಹರಿದು ನಾಲ್ಕನೆಯದನ್ನು ಕೊಟ್ಟೆ. ಆ ತಂತಿಯ ಹೆಣಿಗೆಯ ಬಗ್ಗೆ ಒಂದು ಸಾಲು ಸೇರಿಸಿದ್ದೇನೆ. ಅದನ್ನು ಯಾರಾದರೂ ನೋಡಿದ್ದಾರೆ ಎಂದು ಅವರಿಗೆ ಗೊತ್ತಾಗಲಿ ಅನ್ನಿಸಿತು.

ಕನೆಕ್ಟರ್‌ಗಳನ್ನೆಲ್ಲ ಬಿಚ್ಚಿ, ಬಿಸಿನೀರಿನಲ್ಲಿ ಉಪ್ಪು ಕರಗಿಸಿ, ಒಣಗಿಸಿ, ಕ್ಲೀನರ್ ಹೊಡೆದು, ಗ್ರೀಸ್ ಹಚ್ಚಿದೆ. ಎರಡು ಭಾನುವಾರ ಹಿಡಿಯಿತು. ಎರಡು ಕನೆಕ್ಟರ್ ಉಳಿಯಲಿಲ್ಲ, ಹೊಸದು ಹಾಕಿದೆ. ವಾಲ್ವ್ ಕ್ಲಿಯರೆನ್ಸ್ ಸರಿ ಮಾಡಿಸಿದೆ. ಸರಳಿನ ಬೆಸುಗೆಗೆ ತುಕ್ಕು ಹಿಡಿಯದಂತೆ ಬಣ್ಣ ಮಾತ್ರ ಬಳಿದೆ. ಎರಡನೇ ಕೇಬಲ್ ಇದ್ದಲ್ಲೇ ಇದೆ.

ಡಬ್ಬಿಯ ಜೆಟ್ ಹಾಕಿದೆ. ಒಳಗಿದ್ದ ಚಿಕ್ಕದನ್ನು ಅದೇ ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಸೇರಿಸಿ, ಅದೇ ಜಾಗದಲ್ಲಿ ಅಂಟಿಸಿದೆ.

ನಿನ್ನೆ ಬೆಳಿಗ್ಗೆ ಹೊರಟೆ. ಪೂರ್ತಿ ಥ್ರಾಟಲ್‌ಗೂ ಒಂದು ಸಲವೂ ಮುಗ್ಗರಿಸಲಿಲ್ಲ. ಸಂಜೆ ಬಂದು ಪ್ಲಗ್ ನೋಡಿದೆ, ತಿಳಿ ಕಂದು ಬಣ್ಣ. 312 ಕಿ.ಮೀ., 15.4 ಲೀಟರ್. ಅವರ ಕಾಗದದ ಮೇಲೆ ಬರೆಯಲು ಮನಸ್ಸಾಗಲಿಲ್ಲ. ಬೇರೆ ಸಣ್ಣ ಪುಸ್ತಕ ಇಟ್ಟುಕೊಂಡಿದ್ದೇನೆ. ಅದರಲ್ಲಿ 46,207ರಿಂದ ಮುಂದಕ್ಕೆ ಎಣಿಸುತ್ತಿದ್ದೇನೆ.

ಅಕ್ಕನಿಂದ ಉತ್ತರ ಬಂದರೆ, ಅವರ ಒಪ್ಪಿಗೆ ಇದ್ದರೆ ಮಾತ್ರ, ಇಲ್ಲಿ ಬರೆಯುತ್ತೇನೆ.